ನಮಗೆ ಶಾಲು ಬೇಡ, ಕಾಯಿ ಸಾಕು

ಹೊಗಳಿಕೆ ಬೇಡವೆನ್ನುವ ಪ್ರಾಣಿ ಈ ಭೂಮಿಯ ಮೇಲಿಲ್ಲ ಎಂದು ತಿಳಿದವರು ಹೇಳುತ್ತಾರೆ. ದೇವರಿಗೇ ಅದು ಬೇಕು. ಇಲ್ಲದಿದ್ದರೆ ಸಹಸ್ರನಾಮವನ್ನು ಕೊನೆಯವರೆಗೆ ಕೇಳಿಸಿಕೊಳ್ಳುತ್ತಿದ್ದನೇ? ಹತ್ತನೆಯ ಹೆಸರಿಗೇ 'ಸಾಕು ಮಾರಾಯ, ನಿನಗೆ ಬೇಕಾದದ್ದೇನು ಹೇಳಿಬಿಡು' ಎನ್ನುತ್ತಿದ್ದ. ನಮ್ಮ ಕಡೆ ಎಮ್ಮೆ ಕೂಡ ಎರಡು ಒಳ್ಳೆಯ ಮಾತು ಕೇಳಿಯೇ ಹಾಲಿಗೆ ಸೊರೆ ಬಿಡುವುದು. ಆದರೆ ಈ ತಿಳಿದವರು ನಮ್ಮ ಬೋರ್ಡಿಂಗ್ ಶಾಲೆಯನ್ನು ನೋಡಿಲ್ಲ. ಹೊನ್ನಾವರಕ್ಕೂ ಕುಮಟೆಗೂ ನಡುವೆ ಬಸ್ಸಿಳಿದು, ಗೇರುಮರಗಳ ಗುಡ್ಡ ಹತ್ತಿದರೆ ಸಿಗುವ ನಮ್ಮ ಶಾಲೆಯಲ್ಲಿ ಹೊಗಳಿಕೆ ಎಂದರೆ ಎಲ್ಲ ಮಾಸ್ತರುಗಳ ಕೈಕಾಲು ತಣ್ಣಗಾಗುತ್ತದೆ. 'ನಿಮ್ಮ ಪಾಠ ಬಹಳ ಚೆನ್ನಾಗಿತ್ತು' ಎಂದು ಹೆಡ್‌ಮಾಸ್ತರು ಯಾರಿಗಾದರೂ ಹೇಳಿದರೆ ಅವರು ಮಧ್ಯಾಹ್ನ ಊಟಕ್ಕೆ ಬರುವುದಿಲ್ಲ. 'ಏನ್ರೀ ಇದು, ಅಕ್ಷರ ಹೀಗಾ ಬರೆಯುವುದು?' ಎಂದು ಬೈಸಿಕೊಂಡವರು ಅವರ ಪಾಲಿನ ಸಾರನ್ನೂ ಹಾಕಿಸಿಕೊಂಡು ಉಣ್ಣುತ್ತಾರೆ.

ಇದಕ್ಕೆ ಕಾರಣ ನಮ್ಮ ಹೆಡ್‌ಮಾಸ್ತರರ ಮೃದು ಹೃದಯ. ಅವರು ಯಾರಿಗೂ ಮುಖ ನೋಡಿ 'ಇಲ್ಲ' ಎನ್ನಲಾರರು. ನಮ್ಮ ಶಾಲೆಯಲ್ಲಿ ಮೂರು ಹಾರ್ಮೋನಿಯಂಗಳಿವೆ, ನುಡಿಸುವವರು ಒಬ್ಬರೂ ಇಲ್ಲ. ಮೂರು ಸಲ ಮಾರುವವರು ಬಂದರು, ಮೂರು ಸಲವೂ ಹೆಡ್‌ಮಾಸ್ತರು ಎದುರಿಗೆ ಸಿಕ್ಕರು, ಅಷ್ಟೇ ಕತೆ. ಇಂಥವರಿಗೆ ಕೆಲಸದಿಂದ ಯಾರನ್ನಾದರೂ ಬಿಡಿಸಬೇಕಾಗಿ ಬಂದರೆ? ಶಾಲೆಯನ್ನು ನಡೆಸುವ ಮಂಡಳಿಯವರು ಕುಮಟೆಯ ಪೇಟೆಯಲ್ಲಿ ಕುಳಿತು 'ಇವರನ್ನು ಮುಂದಿನ ವರ್ಷ ಬೇಡ' ಎಂದುಬಿಡುತ್ತಾರೆ. ಹೇಳುವ ಕೆಲಸ ಗುಡ್ಡದ ಮೇಲಿನವರಿಗೆ. ಅದಕ್ಕೆ ಹೆಡ್‌ಮಾಸ್ತರು ತಮ್ಮದೇ ಒಂದು ದಾರಿ ಕಂಡುಕೊಂಡರು. ವರ್ಷದ ಕೊನೆಗೆ ನಮ್ಮಲ್ಲಿ ಗ್ಯಾದರಿಂಗು. ಹಾಡು, ನಾಟಕ, ಬಹುಮಾನ ಎಲ್ಲ ಮುಗಿದ ಮೇಲೆ ಹೆಡ್‌ಮಾಸ್ತರರ ವಂದನಾರ್ಪಣೆ. ಬೋರ್ಡಿಂಗಿಗೆ ಸಂಬಂಧಪಟ್ಟ ಒಬ್ಬೊಬ್ಬರನ್ನೂ ಹೆಸರು ಹಿಡಿದು ವೇದಿಕೆಗೆ ಕರೆದು, ನಾಲ್ಕು ಮಾತು ಹೊಗಳಿ, ಕೈಗೊಂದು ತೆಂಗಿನಕಾಯಿ ಕೊಡುತ್ತಾರೆ. ಕಾಯಿ ಸಿಕ್ಕಿತೋ, ಜೂನಿನಲ್ಲಿ ಮತ್ತೆ ಬರಬಹುದು. ಮಂಡಳಿಗೆ ಬೇಡವಾದವರಿಗೆ ಮಾತ್ರ ನಾಲ್ಕರ ಬದಲು ನಲವತ್ತು ಮಾತು, ಕಾಯಿಯ ಬದಲು ಶಾಲು. ಮರುದಿನ ಬೆಳಿಗ್ಗೆ ಜವಾನ ತಿಮ್ಮಪ್ಪ ಅವರ ಕೋಣೆಯ ಬಾಗಿಲಲ್ಲಿ ನಿಂತು ತಲೆ ಕೆರೆಯುತ್ತ ಕೇಳುತ್ತಾನೆ: "ಮಾಸ್ತರೇ, ಟ್ರಂಕು ಯಾವಾಗ ಇಳಿಸೂದು?"

ಹೀಗೆ ನಮ್ಮಲ್ಲಿ ಯಾರನ್ನೂ ಯಾರೂ ತೆಗೆದುಹಾಕಿದ್ದಿಲ್ಲ. ಸನ್ಮಾನ ಮಾಡಿಸಿಕೊಂಡು ತಾವಾಗಿ ಹೋದವರೇ ಎಲ್ಲ. ಭಟ್ಕಳದಿಂದ ಕಾರವಾರದವರೆಗೆ ಎಷ್ಟೋ ಮನೆಗಳಲ್ಲಿ ನಮ್ಮ ಶಾಲೆಯ ಶಾಲುಗಳು ಕಪಾಟಿನಲ್ಲಿ ಮಡಿಸಿ ಕುಳಿತಿವೆ, ಅವುಗಳ ಒಡೆಯರು ಬೇರೆ ಬೇರೆ ಶಾಲೆಗಳಲ್ಲಿ ನಿಂತಿದ್ದಾರೆ.

ಆದ್ದರಿಂದ ಮಾರ್ಚ್ ಬಂತೆಂದರೆ ನಮ್ಮ ಮಾಸ್ತರುಗಳನ್ನು ನೋಡಬೇಕು. ಒಳ್ಳೆಯ ಕೆಲಸ ಮಾಡಿ ಯಾರ ಕಣ್ಣಿಗೂ ಬೀಳಬಾರದು ಎಂಬ ಪಣ. ಗಣಿತ ಕಲಿಸುವ ಲೀಲಾ ಅಕ್ಕೋರ ತರಗತಿ ಒಂದು ವರ್ಷ ಪೂರ್ತಿ ಪಾಸಾಯಿತು. ಅಕ್ಕೋರು ಸ್ಟಾಫ್ ರೂಮಿನಲ್ಲಿ ಕುಳಿತು ಅತ್ತರು. "ಒಬ್ಬನಾದ್ರೂ ಬೀಳಬಾರ್ದಾಗಿತ್ತಾ? ಇಷ್ಟು ವರ್ಷ ನಾ ಅವ್ರಿಗೆ ಎಂತ ಕಡಿಮೆ ಮಾಡಿದ್ದೆ?" ಎಂದು ಮೂಗು ಒರೆಸಿಕೊಂಡರು. ನಾವೆಲ್ಲ ಸಾವಿನ ಮನೆಗೆ ಬಂದವರ ಹಾಗೆ ಸುತ್ತ ನಿಂತು ಸಮಾಧಾನ ಹೇಳಿದೆವು.

ಇನ್ನು ನನ್ನ ವಿಷಯ. ನಾನು ತದಡಿಯ ಮೀನುಗಾರರ ಮನೆಯವನು. ಅಪ್ಪ ದೋಣಿಗೆ ಹೋಗುತ್ತಿದ್ದ, ಅವ್ವ ಬುಟ್ಟಿ ಹೊತ್ತು ಮಿರ್ಜಾನದವರೆಗೂ ಮೀನು ಮಾರುತ್ತಿದ್ದಳು. ನಾನು ಎರಡನ್ನೂ ಕಲಿಯದೆ, ಬಂದರಿನಲ್ಲಿ ಮೀನು ಹರಾಜು ಕೂಗುವವರ ದನಿ ತೆಗೆಯುವುದನ್ನು ಕಲಿತೆ. ಅಲ್ಲಿಂದ ಶುರುವಾದ ಚಟ. ಬಸ್ ಕಂಡಕ್ಟರರಿಂದ ಹಿಡಿದು ನಮ್ಮ ಕಾಲೇಜಿನ ಪ್ರಿನ್ಸಿಪಾಲರವರೆಗೆ ಯಾರ ಗಂಟಲೂ ನನ್ನಿಂದ ತಪ್ಪಿಸಿಕೊಳ್ಳಲಿಲ್ಲ. ಬಿ.ಎ., ಬಿ.ಎಡ್. ಮುಗಿಸಿ ಈ ಶಾಲೆಗೆ ಹಂಗಾಮಿ ಕನ್ನಡ ಮಾಸ್ತರನಾಗಿ ಬಂದಾಗ ವ್ಯಾಕರಣಕ್ಕಿಂತ ಇದೇ ನನ್ನನ್ನು ಹುಡುಗರ ಮುಂದೆ ಕಾಪಾಡಿದ್ದು. ಲೀಲಾ ಅಕ್ಕೋರು ಸುಣ್ಣದಕಡ್ಡಿ ಎಸೆಯುವ ಮುಂಚೆ ಎಳೆದುಕೊಳ್ಳುವ ಉಸಿರು, ಡ್ರಿಲ್ ಕಲಿಸುವ ಸುಬ್ರಾಯ ಮಾಸ್ತರರ 'ಸಾವ್ಧಾನ್' ಎಂಬುದರ ಕೊನೆಗೆ ಬರುವ ಮಂಡಿನೋವಿನ 'ಅಯ್ಯಪ್ಪಾ', ಎಲ್ಲವನ್ನೂ ಊಟದ ಮನೆಯಲ್ಲಿ ಬಡಿಸುತ್ತಿದ್ದೆ. ಒಮ್ಮೆ ಹುಡುಗರಿಗೆ, "ಈಗ ನನ್ನ ದನಿ ತೆಗೆಯಿರಿ ನೋಡೋಣ" ಎಂದೆ. ಭಟ್ಕಳದ ಹುಡುಗನೊಬ್ಬ ಎದ್ದು ನಿಂತ. ಬಾಯಿ ತೆರೆದ. ಮುಚ್ಚಿದ. "ನಿಮ್ದು ಯಾವ್ದು ಸರ್?" ಎಂದು ಕೇಳಿದ.

ನನ್ನ ದೊಡ್ಡ ಬಂಡವಾಳವೆಂದರೆ ಹೆಡ್‌ಮಾಸ್ತರರೇ. ಅವರು ಮಾತಿಗೆ ಮುಂಚೆ ಮೂರು ಸಲ ಕೆಮ್ಮುತ್ತಾರೆ, ಒಂದಕ್ಕಿಂತ ಒಂದು ದೊಡ್ಡದು. ಆಮೇಲೆ ಪಂಚೆಯ ಚುಂಗನ್ನು ಮುಷ್ಟಿಯಲ್ಲಿ ಹಿಡಿದು, "ಧನ್ಯವಾದ ಎಂಬುದು ಚಿಕ್ಕ ಮಾತು. ಅಂದರೆ ಏನು?" ಎಂದು ಸಭೆಯನ್ನೇ ಕೇಳುತ್ತಾರೆ. ಸಭೆಗೆ ಗೊತ್ತಿರುವುದಿಲ್ಲ. ಅವರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಅದನ್ನು ಬಿಟ್ಟು ಮುಂದೆ ಹೋಗುತ್ತಾರೆ. ಒಂದು ದಿನ ಊಟದ ಮನೆಯಲ್ಲಿ, ಅಡುಗೆಯವರ ಗಂಜಿ ಸೌಟನ್ನು ಮೈಕಿನ ಹಾಗೆ ಹಿಡಿದು ನಾನು ಇದನ್ನೇ ಮಾಡುತ್ತಿದ್ದೆ. ಮಕ್ಕಳು ಬೆಂಚಿನಿಂದ ಬೀಳುವಷ್ಟು ನಗುತ್ತಿದ್ದವರು ಏಕಾಏಕಿ ತಟ್ಟೆಯಲ್ಲಿ ತಲೆ ಹುಗಿದರು. ತಿರುಗಿ ನೋಡಿದರೆ ಬಾಗಿಲಲ್ಲಿ ಹೆಡ್‌ಮಾಸ್ತರು. ಸೌಟಿನಿಂದ ಗಂಜಿ ನನ್ನ ಮುಂಗೈಯ ಮೇಲೆ ಇಳಿಯುತ್ತಿತ್ತು. "ಮೂರನೇ ಕೆಮ್ಮು ಸ್ವಲ್ಪ ಉದ್ದ ಆತು ಮಂಜುನಾಥ," ಎಂದರು. "ಉಳಿದದ್ದು ಬಹಳ ಚೆನ್ನಾಗಿತ್ತು" ಎಂದು ಹೊರಟುಹೋದರು.

ಬಹಳ ಚೆನ್ನಾಗಿತ್ತು! ನಾನು ಸೌಟು ಇಟ್ಟು, ಉಣ್ಣದೆ ಕೋಣೆಗೆ ಹೋದೆ. ಅದಾದ ಕೆಲವು ದಿನಕ್ಕೆ ತಿಮ್ಮಪ್ಪ ಕುಮಟೆಯಿಂದ ಬಸ್ಸಿಳಿದು ಬಂದ. ಒಂದು ಕೈಯಲ್ಲಿ ಕಾಯಿಯ ಚೀಲ, ಕಂಕುಳಲ್ಲಿ ಬಟ್ಟೆಯಂಗಡಿಯ ಕಾಗದ ಸುತ್ತಿದ ಮೆತ್ತಗಿನ ಒಂದು ಕಟ್ಟು. ಸ್ಟಾಫ್ ರೂಮಿನ ಕಿಟಕಿಯಲ್ಲಿ ನಾವೆಲ್ಲ ಮುಖ ಜೋಡಿಸಿ ನಿಂತಿದ್ದೆವು.

"ತಿಮ್ಮಪ್ಪಾ, ಎಷ್ಟು ಅದ್ಯೋ?" ಎಂದು ಕೇಳಿದರು ಸುಬ್ರಾಯ ಮಾಸ್ತರು.

"ಕಾಯಿ ಬೇಕಾದಷ್ಟು ಅದೆ ಮಾಸ್ತರೇ."

"ಕಾಯಿ ಅಲ್ವೋ. ಮತ್ತೊಂದು."

"ಅದು ಒಂದೇಯ," ಎಂದು ತಿಮ್ಮಪ್ಪ ಕಟ್ಟನ್ನು ಇನ್ನಷ್ಟು ಒಳಗೆ ಒತ್ತಿಕೊಂಡು ನಡೆದ.

ಒಂದೇ ಶಾಲು. ಅಂದರೆ ಒಬ್ಬರು ಹೋಗಬೇಕು. ಲೆಕ್ಕಕ್ಕೆ ಲೀಲಾ ಅಕ್ಕೋರು ಬೇಕಾಗಿರಲಿಲ್ಲ. ಎಲ್ಲರೂ ನನ್ನನ್ನೊಮ್ಮೆ ನೋಡಿದರು, ಸುಬ್ರಾಯ ಮಾಸ್ತರರನ್ನೊಮ್ಮೆ ನೋಡಿದರು, ಆಮೇಲೆ ಸಮುದ್ರ ಕಾಣುವ ಕಡೆಗೆ ನೋಡತೊಡಗಿದರು. ನಾನು ಹಂಗಾಮಿ, ಮೇಲಾಗಿ ಹೆಡ್‌ಮಾಸ್ತರರ ಕೆಮ್ಮನ್ನು ಅಳತೆ ತಪ್ಪಿಸಿದವನು. ಸುಬ್ರಾಯ ಮಾಸ್ತರರಿಗೆ ಮಂಡಿ ಹೋಗಿತ್ತು. ಗೇರುಮರದ ಕೆಳಗೆ ಕುರ್ಚಿ ಹಾಕಿಕೊಂಡು ಕುಳಿತೇ ಡ್ರಿಲ್ ಮಾಡಿಸುತ್ತಿದ್ದರು. ಮಕ್ಕಳು ಓಡುತ್ತಿದ್ದರು, ಇವರು ಸೀಟಿ ಊದುತ್ತಿದ್ದರು. ಮಂಡಳಿಯವರು ಒಮ್ಮೆ ಬಂದು ಅದನ್ನು ನೋಡಿ ಏನೂ ಹೇಳದೆ ಹೋಗಿದ್ದರು. ಏನೂ ಹೇಳದೆ ಹೋಗುವುದು ಒಳ್ಳೆಯ ಲಕ್ಷಣವಲ್ಲ.

ಅವತ್ತು ಸಂಜೆ ಆಟದ ಬಯಲಿನ ಮೆಟ್ಟಿಲ ಮೇಲೆ ಮಾಸ್ತರು ಮಂಡಿಗೆ ಎಣ್ಣೆ ತಿಕ್ಕುತ್ತ ಕುಳಿತಿದ್ದರು. ನಾನು ಪಕ್ಕದಲ್ಲಿ ಕುಳಿತೆ. "ಶಾಲು ನನಗೇ ಮಾಸ್ತರೇ, ನೀವು ಹೆದರಬೇಡಿ" ಎಂದೆ. ಅವರು ನಕ್ಕರು. "ನಿಂಗೇ ಆಗ್ಲಿ ಅಂತ ನಾನೂ ದೇವ್ರಿಗೆ ಹೇಳ್ಕಂಡೆ ತಮಾ, ಸುಳ್ಳು ಎಂತಕ್ಕೆ ಹೇಳೂದು. ನಿಂಗೆ ತದಡಿ ಅದೆ, ಅವ್ವ ಅದಾಳೆ. ಹೋದ್ರೆ ಒಂದು ಶಾಲೆ, ಬಂದ್ರೆ ಇನ್ನೊಂದು. ನಂಗೆ ಎಂತ ಅದೆ? ಈ ಬೋರ್ಡಿಂಗಿನ ಕೊನೇ ಕೋಣೆ ಅದೆ. ಸೀಟಿ ಅದೆ. ಸೀಟಿ ಎಲ್ಲಿಗೆ ಬೇಕಾದ್ರೂ ತಗಂಡು ಹೋಗೂಕಾತದೆ. ಊದಿದ್ರೆ ಓಡಿ ಬರೂಕೆ ಹುಡುಗ್ರು ಬೇಕಲ್ಲ?" ಬೇರೆ ದಿನವಾಗಿದ್ದರೆ ಆ ಮಾತನ್ನು ಅವರದೇ ದನಿಯಲ್ಲಿ ಮರುದಿನ ಊಟದ ಮನೆಗೆ ಒಯ್ಯುತ್ತಿದ್ದೆ. ಅದೇಕೋ ಅದು ನನ್ನ ಗಂಟಲಿಗೆ ಹೊಂದಲಿಲ್ಲ.

ಗ್ಯಾದರಿಂಗಿನ ಹಿಂದಿನ ದಿನ ಇನ್ನೊಂದು ಅನಾಹುತವಾಯಿತು. ಹೆಡ್‌ಮಾಸ್ತರರ ಗಂಟಲು ಕಟ್ಟಿತು. ಪೆಂಡಾಲಿನ ಕೆಲಸಕ್ಕೆ ಕುಮಟೆಗೆ ಹೋದವರು ಬಸ್‌ಸ್ಟ್ಯಾಂಡಿನಲ್ಲಿ ಐಸ್‌ಕ್ಯಾಂಡಿ ತಿಂದಿದ್ದರಂತೆ. ವರ್ಷವಿಡೀ 'ಐಸ್‌ಕ್ಯಾಂಡಿ ವಿಷ' ಎಂದು ಪ್ರಾರ್ಥನೆಯ ಹೊತ್ತಿಗೆ ಹೇಳಿದವರು. ವಿಷದ ಬಗ್ಗೆ ಅಷ್ಟು ಹೇಳಿದ ಮನುಷ್ಯನಿಗೆ ಒಂದು ಸಲ ರುಚಿ ನೋಡುವ ಮನಸ್ಸಾಗುವುದು ಸಹಜವೇ. ಮಾತಾಡಿದರೆ ಗಾಳಿ ಮಾತ್ರ ಬರುತ್ತಿತ್ತು. ನನ್ನನ್ನು ಕೋಣೆಗೆ ಕರೆಸಿಕೊಂಡರು. ಹೆಡ್‌ಮಾಸ್ತರು ವೇದಿಕೆಯ ಮೇಲೆ ಎಷ್ಟೇ ಗಟ್ಟಿ ಪುಸ್ತಕದ ಕನ್ನಡ ಆಡಲಿ, ಪಿಸುಮಾತಿಗೆ ಇಳಿದರೆ ಮನೆಯ ಹವ್ಯಕ ಮಾತೇ ಬರುವುದು.

"ಯಂಗೆ ಸ್ವರ ಬತ್ತಿಲ್ಲೆ," ಎಂದು ಕಿವಿಯ ಹತ್ತಿರ ಉಸುರಿದರು. "ನಾ ಕಿವೀಲಿ ಹೇಳ್ತೆ. ನೀ ಅದನ್ನೇ ಮೈಕಿಲಿ ಹೇಳು."

"ನಾನು ನನ್ನ ದನಿಯಲ್ಲಿ ಹೇಳಲಾ ಸರ್?"

"ನಿನ್ನ ದನಿ ಯಾವುದು ಹೇಳಿ ಯಂಗೆ ಗೊತ್ತಿಲ್ಲೆ. ಯನ್ನ ದನೀಲೇ ಹೇಳು. ಊಟದ ಮನೇಲಿ ಹೇಳ್ತ್ಯಲ, ಹಾಂಗೇ."

ಗ್ಯಾದರಿಂಗಿಗೆ ಪೆಂಡಾಲು ತುಂಬಿತ್ತು. ಭಟ್ಕಳದ ಕಡೆಯ ಹುಡುಗರ ಮನೆಯವರಲ್ಲಿ ಒಬ್ಬರು, ದುಬೈಯಿಂದ ರಜೆಗೆ ಬಂದವರು, ಟೇಪ್‌ರೆಕಾರ್ಡರ್ ತಂದು ವೇದಿಕೆಯ ಅಂಚಿನಲ್ಲಿಟ್ಟು ಗುಂಡಿ ಒತ್ತಿದರು. ಮಂಡಳಿಯ ಅಧ್ಯಕ್ಷರು ಆ ದಿನ ಬರಲಾಗದೆ, ಆಮೇಲೆ ಕೇಳುವುದಕ್ಕೆ ಕ್ಯಾಸೆಟ್ಟು ಕಳಿಸಿ ಎಂದಿದ್ದರಂತೆ. ನಮ್ಮವ್ವ ತದಡಿಯಿಂದ ಬಂದು ಹೆಂಗಸರ ಕಡೆ ಮುಂದಿನ ಸಾಲಿನಲ್ಲೇ ಕುಳಿತಿದ್ದಳು; ಮೀನು ಮಾರುವವಳಿಗೆ ಜನರ ನಡುವೆ ದಾರಿ ಮಾಡಿಕೊಳ್ಳುವುದನ್ನು ಯಾರೂ ಕಲಿಸಬೇಕಾಗಿಲ್ಲ. ನಾನು ಮೈಕಿನ ಮುಂದೆ ನಿಂತೆ. ಹೆಡ್‌ಮಾಸ್ತರು ನನ್ನ ಬಲಗಿವಿಯ ಹಿಂದೆ ನಿಂತರು. ಪಕ್ಕದ ಮೇಜಿನ ಮೇಲೆ ಕಾಯಿಗಳ ಹರಿವಾಣ, ಅದರಾಚೆ ಆ ಕಾಗದದ ಕಟ್ಟು.

ನಾನು ಮೂರು ಸಲ ಕೆಮ್ಮಿದೆ. ಮೂರನೆಯದನ್ನು ಸ್ವಲ್ಪ ಗಿಡ್ಡ ಮಾಡಿದೆ. "ಧನ್ಯವಾದ ಎಂಬುದು ಚಿಕ್ಕ ಮಾತು. ಅಂದರೆ ಏನು?" ಪೆಂಡಾಲು ಗೊಳ್ಳೆಂದಿತು, ಮತ್ತೆ ಹೆಡ್‌ಮಾಸ್ತರು ತಾವೇ ತಲೆಯಾಡಿಸಿದ್ದನ್ನು ಕಂಡು ಸುಮ್ಮನಾಯಿತು. ಆಮೇಲೆ ಕೆಲಸ ನಡೆಯಿತು. ಕಿವಿಯಲ್ಲಿ "ಬಾವಿ ಬತ್ತಿದ್ದಿಲ್ಲೆ, ಬಾವಿಗೂ ಹೇಳು" ಎಂದು ಬಂದದ್ದು ನನ್ನ ಬಾಯಲ್ಲಿ "ಕಡುಬೇಸಗೆಯಲ್ಲೂ ನಮ್ಮ ಕೈ ಬಿಡದ ಆ ಜಲಮಾತೆಗೆ" ಎಂದಾಯಿತು. "ಬಂಗಡೆ ತಾಜಾ ಇರ್ತು ಹೇಳ್ತ, ಯಂಗೆಂತ ಗೊತ್ತು, ಆದ್ರೂ ಹೇಳು" ಎಂದದ್ದು "ಬುಧವಾರ ತಪ್ಪದೆ ಮತ್ಸ್ಯ ಒದಗಿಸಿದ ಮಹಾತಾಯಿಗೆ" ಎಂದಾಯಿತು. ಆ ಮಹಾತಾಯಿ, ನಮ್ಮವ್ವನಲ್ಲ, ಬೋರ್ಡಿಂಗಿಗೆ ಮೀನು ತರುವವಳು, ಸೆರಗು ಬಿಗಿದು ಬಂದು ಕಾಯಿಯನ್ನು ಕಿವಿಯ ಹತ್ತಿರ ಅಲುಗಿಸಿ, ನೀರಿದೆಯೆಂದು ಖಾತ್ರಿ ಮಾಡಿಕೊಂಡು ಹೋದಳು. ಗುಡ್ಡದ ಬುಡದಲ್ಲಿ ಬಸ್ಸು ನಿಲ್ಲಿಸುವ ಕಂಡಕ್ಟರರು, ಕ್ಷೌರದವರು, ಅಡುಗೆಯವರು, ಲೀಲಾ ಅಕ್ಕೋರು. ಅಕ್ಕೋರು ಕಾಯಿ ಸಿಕ್ಕಿದ ಕೂಡಲೇ ಹೆಡ್‌ಮಾಸ್ತರರ ಕಾಲಿಗೆ ಬಿದ್ದರು.

"ಇನ್ನು ನೀನು," ಎಂದಿತು ಕಿವಿ.

ನನ್ನನ್ನು ನಾನೇ ಹೊಗಳಬೇಕಿತ್ತು, ಅದೂ ಅವರ ದನಿಯಲ್ಲಿ. "ಕನ್ನಡ ಮಾಸ್ತರರಾದ ಮಂಜುನಾಥರು ತಮ್ಮ ಕೆಲಸ ಮಾಡಿದ್ದಾರೆ," ಎಂದು ಹೇಳಿ ಕಾಯಿಗೆ ಕೈ ಚಾಚಿದೆ.

"ಅಷ್ಟೇ ಸಾಲ್ತಿಲ್ಲೆ. ಮಕ್ಕಳಿಗೆ ಪ್ರೀತಿ ಇದ್ದು ಹೇಳು."

"ಮಕ್ಕಳಿಗೂ ಅವರ ಮೇಲೆ... ಅಂಥ ದ್ವೇಷವೇನಿಲ್ಲ."

"ಪ್ರೀತಿ ಹೇಳಾ ಮಾಣಿ! ಕಂಠ ಒಳ್ಳೇದಿದ್ದು ಹೇಳು. ಪ್ರತಿಭೆ ಇದ್ದು ಹೇಳು."

ಒಂದೊಂದು ಹೊಗಳಿಕೆಯೂ ನನ್ನನ್ನು ಆ ಕಾಗದದ ಕಟ್ಟಿನ ಕಡೆಗೆ ಒಂದೊಂದು ಗೇಣು ದೂಡುತ್ತಿತ್ತು. ನಾನು 'ಪ್ರತಿಭೆ'ಯನ್ನು 'ಸ್ವಲ್ಪ ಚುರುಕು' ಮಾಡಿದೆ, 'ಕಂಠ'ವನ್ನು ನುಂಗಿದೆ, 'ಶಾಲೆಯ ಆಸ್ತಿ' ಎಂದದ್ದನ್ನು 'ಶಾಲೆಯ ಆವರಣದಲ್ಲೇ ಇರುತ್ತಾರೆ' ಎಂದು ತಿದ್ದಿದೆ. ಕೆಳಗೆ ನಮ್ಮವ್ವ, ಮಗನನ್ನು ಇಷ್ಟು ಕಡಿಮೆ ಹೊಗಳಿದ ಹೆಡ್‌ಮಾಸ್ತರರನ್ನು ದುರುಗುಟ್ಟಿ ನೋಡುತ್ತಿದ್ದಳು. ಕೊನೆಗೆ ಬೆವತು ನಿಂತಾಗ ಹೆಡ್‌ಮಾಸ್ತರರ ಕೈ ಮೇಜಿಗೆ ಹೋಯಿತು. ಬಂದದ್ದು ಕಾಯಿ! ಜುಟ್ಟು ಬಿಟ್ಟ, ಗುಂಡನೆಯ, ಇನ್ನೊಂದು ವರ್ಷದ ಅನ್ನ. ಅದನ್ನು ಎದೆಗೊತ್ತಿಕೊಂಡೆ. ಆಗ ಹರಿವಾಣ ನೋಡಿದೆ. ಅದು ಖಾಲಿಯಾಗಿತ್ತು. ಕರೆಯಬೇಕಾದವರು ಇನ್ನೊಬ್ಬರಿದ್ದರು.

ಸುಬ್ರಾಯ ಮಾಸ್ತರು ಕರೆಯುವ ಮೊದಲೇ ಎದ್ದಿದ್ದರು. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಕೊರಳಲ್ಲಿ ಸೀಟಿ. ವೇದಿಕೆಯ ಮೆಟ್ಟಿಲನ್ನು ಕೈಯೂರದೆ ಹತ್ತಿದರು. ಎಷ್ಟು ನೋವಾಯಿತೋ ಅವರಿಗೇ ಗೊತ್ತು. ನನ್ನ ಎದುರು ಬಂದು ಸಾವ್ಧಾನದಲ್ಲಿ ನಿಂತರು. ಕಿವಿಯಲ್ಲಿ ಮಾತು ಸುರಿಯತೊಡಗಿತು, ನಾನು ಹೇಳುತ್ತ ಹೋದೆ. ಬೋರ್ಡಿಂಗಿಗೆ ಹುಲ್ಲಿನ ಮಾಡು ಇದ್ದ ಕಾಲದಿಂದ ಇದ್ದವರು, ಜ್ವರ ಬಂದ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಗುಡ್ಡ ಇಳಿಸಿದವರು. ಇವರ ಸೀಟಿಗೆ ಏಳದ ಮಗುವಿಲ್ಲ. ನಾನು ಒಂದನ್ನೂ ಕಡಿಮೆ ಮಾಡಲಿಲ್ಲ, ಕಡಿಮೆ ಮಾಡುವಂಥದ್ದು ಅದರಲ್ಲಿ ಇರಲಿಲ್ಲ. ಒಂದೊಂದು ಮಾತಿಗೂ ಮಾಸ್ತರರ ಮುಖ ಇಷ್ಟಿಷ್ಟೇ ಸಣ್ಣದಾಗುತ್ತಿತ್ತು. ಹಿಂದೆ ಕಾಗದ ಬಿಚ್ಚುವ ಸದ್ದಾಯಿತು.

"ಈಗ ಶಾಲು ಹೇಳು," ಎಂದರು ಹೆಡ್‌ಮಾಸ್ತರು.

ಅನುಕರಣೆ ಮಾಡುವವರಿಗೆ ಒಂದು ಕಾಯಿಲೆ ಇದೆ. ಅವತ್ತಿನವರೆಗೆ ನನಗೆ ಅದು ಗೊತ್ತಿರಲಿಲ್ಲ. ಒಬ್ಬರ ದನಿಯನ್ನು ಸರಿಯಾಗಿ ತೆಗೆದರೆ ಅವರ ಕೆಮ್ಮು ಬರುತ್ತದೆ, ನಿಲುವು ಬರುತ್ತದೆ. ತೀರಾ ಸರಿಯಾಗಿ ತೆಗೆದರೆ ಅವರ ಸ್ವಭಾವವೂ ಒಳಗೆ ಬಂದು ಕುಳಿತುಬಿಡುತ್ತದೆ. ನಾನು ಆ ಹೊತ್ತಿಗೆ ಮುಕ್ಕಾಲು ಗಂಟೆಯಿಂದ ಹೆಡ್‌ಮಾಸ್ತರನಾಗಿದ್ದೆ. ಎದುರಿಗಿದ್ದ ಮುಖ ನೋಡಿ 'ಬೇಡ' ಎನ್ನುವುದು ನನ್ನಿಂದಲೂ ಆಗಲಿಲ್ಲ. ಹೆಡ್‌ಮಾಸ್ತರರಿಗಾದರೂ ಶಾಲಿನ ಅಡ್ಡದಾರಿ ಅಭ್ಯಾಸವಾಗಿತ್ತು, ನಾನು ಹೊಸಬ. ಬಾಯಿ ತಾನಾಗಿ ಹೇಳಿತು: "ಬರುವ ಜೂನಿನಲ್ಲಿಯೂ ಇದೇ ಸೀಟಿ ನಮ್ಮ ಮಕ್ಕಳನ್ನು ಎಬ್ಬಿಸಲಿ ಎಂದು ಹಾರೈಸಿ, ಸುಬ್ರಾಯ ಮಾಸ್ತರರಿಗೆ ತೆಂಗಿನಕಾಯಿ!" ಕೈ ತಾನಾಗಿ ನನ್ನ ಎದೆಗೆ ಒತ್ತಿದ್ದ ಕಾಯಿಯನ್ನು ತೆಗೆದು ಅವರ ಕೈಗಿಟ್ಟಿತು. ಇದನ್ನು ತ್ಯಾಗವೆಂದು ಯಾರಾದರೂ ತಿಳಿದರೆ ನನ್ನ ಅಭ್ಯಂತರವಿಲ್ಲ. ಆದರೆ ಯೋಚಿಸಲು ಒಂದು ಗಳಿಗೆ ಸಿಕ್ಕಿದ್ದರೂ ನಾನು ಆ ಕಾಯಿ ಬಿಡುತ್ತಿರಲಿಲ್ಲ.

ಮಕ್ಕಳು ಮೊದಲು ಚಪ್ಪಾಳೆ ಹೊಡೆದರು, ಆಮೇಲೆ ಪೆಂಡಾಲಿಗೆ ಪೆಂಡಾಲೇ. ಹೆಡ್‌ಮಾಸ್ತರು ಬಿಚ್ಚಿದ ಶಾಲನ್ನು ಎರಡೂ ಕೈಯಲ್ಲಿ ಹಿಡಿದು, ಒಣಹಾಕಲು ಹಗ್ಗ ಹುಡುಕುವವರಂತೆ ನಿಂತಿದ್ದರು. ಅವರ ಬಾಯಿ ಆಡಿತು, ಗಾಳಿ ಬಂತು, ಸ್ವರ ಬರಲಿಲ್ಲ. ಎಲ್ಲರ ಕೈಯಲ್ಲೂ ಕಾಯಿ ಇತ್ತು. ಖಾಲಿ ಕೈಯವನು ನಾನೊಬ್ಬ. ಹೆಡ್‌ಮಾಸ್ತರು ನನ್ನ ಕೈ ನೋಡಿದರು, ಶಾಲು ನೋಡಿದರು, ಕಣ್ಣು ಮುಚ್ಚಿಕೊಂಡು ಅದನ್ನು ನನ್ನ ಹೆಗಲಿಗೆ ಹೊದಿಸಿಬಿಟ್ಟರು.

ಸ್ಟಾಫಿನ ಸಾಲಿನಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಲೀಲಾ ಅಕ್ಕೋರು ಮತ್ತೆ ಮೂಗು ಒರೆಸಿಕೊಂಡರು. ನಮ್ಮವ್ವ ಮಾತ್ರ ವೇದಿಕೆಗೇ ಹತ್ತಿ ಬಂದಳು. ಶಾಲಿನ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದಳು. "ಒಳ್ಳೇದೇ ಹಾಕೀರಿ," ಎಂದು ಹೆಡ್‌ಮಾಸ್ತರರನ್ನು ಕ್ಷಮಿಸಿದಳು. ಪಕ್ಕದಲ್ಲಿ ಕಾಯಿ ಹಿಡಿದು ಕಣ್ಣೀರು ಇಳಿಸುತ್ತಿದ್ದ ಸುಬ್ರಾಯ ಮಾಸ್ತರರನ್ನು ಕಂಡು ಅವಳಿಗೆ ಕರುಳು ಚುರುಕ್ಕೆಂದಿತು. "ಬೇಜಾರ ಮಾಡ್ಕಣಬೇಡಿ ಮಾಸ್ತರೇ. ಇಷ್ಟು ವರ್ಷ ದುಡದವ್ರಿಗೆ ಬರೀ ಕಾಯಿ ಕೊಟ್ರು, ನನ್ನ ಮಗ ನಿನ್ನೆ ಬಂದವ, ಅವಂಗೆ ಶಾಲು. ಬಪ್ಪ ವರ್ಷ ನಿಮ್ಗೂ ಹೊದಸ್ತ್ರು. ನಾನೇ ಹೆಡ್‌ಮಾಸ್ತರಿಗೆ ಹೇಳ್ತೆ." ಮಾಸ್ತರರ ಕೈಯಿಂದ ಕಾಯಿ ಜಾರಿತು. "ಬ್ಯಾಡಾ ತಾಯಿ, ನಿನ್ನ ಕಾಲಿಗೆ ಬೀಳ್ತೆ, ಹೇಳೂಕೆ ಹೋಗಬ್ಯಾಡ!" ಎಂದರು. "ನೋಡು, ಎಂಥಾ ದೊಡ್ಡ ಮನ್ಸು ಅವ್ರದು. ನೀನೂ ಅದ್ಯಪ್ಪ," ಎಂದು ಅವ್ವ ನನಗೆ ತಿವಿದಳು.

ಮರುದಿನ ತಿಮ್ಮಪ್ಪ ಬಂದು ಬಾಗಿಲಲ್ಲಿ ತಲೆ ಕೆರೆದ. "ಟ್ರಂಕು ಯಾವಾಗ ಇಳಿಸೂದು?" ನಾನು ಬಾಯಿ ತೆರೆಯುವ ಮೊದಲು, ರಾತ್ರಿ ಅಲ್ಲೇ ಉಳಿದಿದ್ದ ಅವ್ವ ಹೇಳಿದಳು: "ಟ್ರಂಕು ಎಂತಕ್ಕೆ ಇಳಿಸೂದು? ಜೂನಿಗೆ ಬತ್ನಲ್ಲ ಅವ. ಶಾಲು ಹೊದಿಸಿದ ಶಾಲೆ ಬಿಟ್ಟು ಎಲ್ಲಿಗೆ ಹೋತ? ಇಲ್ಲೇ ಇರ್ಲಿ. ಧೂಳು ಕೂರೂದು ಬೇಡ, ಮೇಲೊಂದು ಗೋಣಿ ಹಾಕು." ತಿಮ್ಮಪ್ಪನಿಗೆ ಇಂಥ ಉತ್ತರ ಅವನ ಜನ್ಮದಲ್ಲಿ ಬಂದಿರಲಿಲ್ಲ. ಅವನು ಗೋಣಿ ತರಲು ಹೋದ.

ರಜೆಯುದ್ದಕ್ಕೂ ತದಡಿಯಲ್ಲಿ ಶಾಲಿನ ದರ್ಶನ ನಡೆಯಿತು. ದೋಣಿಯವರು, ಬಲೆ ಹೆಣೆಯುವವರು, ಬಂದವರಿಗೆಲ್ಲ ಅವ್ವ ಅದನ್ನು ಬಿಚ್ಚಿ ತೋರಿಸಿ ಮತ್ತೆ ಮಡಿಸಿದಳು. ಅವಳ ಮುಖ ನೋಡಿ 'ಅವ್ವಾ, ಇದರ ಅರ್ಥ ಬೇರೆ' ಎಂದು ಹೇಳಲು ಎಷ್ಟು ಸಲ ಬಾಯಿ ತೆರೆದೆನೋ! ಪ್ರತಿ ಸಲವೂ ಮೂರು ಕೆಮ್ಮು ಬಂತು, ಮಾತು ಬರಲಿಲ್ಲ. ಹೀಗಾಗಿ ಜೂನಿನ ಮೊದಲ ಮಳೆಯಲ್ಲಿ ಕೊಡೆ ಹಿಡಿದು ಗುಡ್ಡ ಹತ್ತಿ, ತರಗತಿಗೆ ಹೋಗಿ, ಹಾಜರಿ ಕೂಗತೊಡಗಿದೆ. ಹೆಡ್‌ಮಾಸ್ತರು ಕೊಡೆಯಿಂದ ನೀರು ಸುರಿಸುತ್ತ ಬಾಗಿಲಿಗೆ ಬಂದರು. ಶಾಲು ಹೊದ್ದವನೊಬ್ಬ ತಿರುಗಿ ಬಂದದ್ದನ್ನು ಅವರು ನೋಡಿದ್ದು ಅದೇ ಮೊದಲು. ನಾನು ಅವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಹೇಳಬೇಕಾದದ್ದು ಅವರ ಗಂಟಲವರೆಗೆ ಬಂದದ್ದು ನನಗೆ ಕಾಣಿಸಿತು. ಆ ಗಂಟಲಿನ ಪರಿಚಯ ನನಗಿಲ್ಲದಿದ್ದರೆ ಇನ್ಯಾರಿಗೆ? "ಮಳೆ ಜೋರಾತು ಅಲ್ದಾ?" ಎಂದರು. "ಹೌದು ಸರ್," ಎಂದೆ. ಅವರು ಹೋದರು. ನಾನು ಮುಂದಿನ ಹೆಸರು ಕೂಗಿದೆ.

ಆಮೇಲೆ ತಿಳಿಯಿತು, ಮಂಡಳಿಯ ಅಧ್ಯಕ್ಷರು ಕ್ಯಾಸೆಟ್ಟು ಕೇಳಿ ಬಹಳ ಮೆಚ್ಚಿದ್ದರಂತೆ. 'ಹೆಡ್‌ಮಾಸ್ತರೇ, ಈ ವರ್ಷ ನಿಮ್ಮ ಮಾತು ಎಷ್ಟು ಚೆನ್ನಾಗಿತ್ತು! ಡ್ರಿಲ್ ಮಾಸ್ತರರ ಬಗ್ಗೆ ನೀವೇ ಅಷ್ಟು ಗಟ್ಟಿಯಾಗಿ ಹೇಳಿದ ಮೇಲೆ ಇರಲಿ ಬಿಡಿ' ಎಂದರಂತೆ. ಅದು ತಮ್ಮ ದನಿಯಲ್ಲವೆಂದು ಅವರ ಮುಖದ ಮೇಲೆ ಹೇಳಲು ಹೆಡ್‌ಮಾಸ್ತರರಿಂದ ಆದೀತೇ? ಸುಬ್ರಾಯ ಮಾಸ್ತರು ಉಳಿದರು. ಹೊಸ ಡ್ರಿಲ್ ಮಾಸ್ತರರನ್ನು ಮಂಡಳಿ ಆಗಲೇ ಗೊತ್ತು ಮಾಡಿದ್ದರಿಂದ ಅವರೂ ಬಂದರು. ಈಗ ಒಬ್ಬರು ಓಡುತ್ತಾರೆ, ಇನ್ನೊಬ್ಬರು ಕುಳಿತು ಸೀಟಿ ಊದುತ್ತಾರೆ.

ಅಂದಿನಿಂದ ಹೆಡ್‌ಮಾಸ್ತರರ ಗಂಟಲು ವರ್ಷವಿಡೀ ಚೆನ್ನಾಗಿದ್ದು, ಗ್ಯಾದರಿಂಗಿನ ದಿನಕ್ಕೆ ಸರಿಯಾಗಿ ಕಟ್ಟುತ್ತದೆ. ವಂದನಾರ್ಪಣೆ ನನ್ನ ಪಾಲಿಗೆ ಬಂದಿದೆ. ಶಾಲು ಪ್ರತಿ ವರ್ಷವೂ ಬರುತ್ತದೆ, ಹಾಗೆಯೇ ಕಾಗದದಲ್ಲಿ ಸುತ್ತಿಕೊಂಡು ಕಪಾಟಿಗೆ ಹೋಗುತ್ತದೆ. ತಿಮ್ಮಪ್ಪನಿಗೆ ನಾನು ಗುಟ್ಟಾಗಿ ಒಂದು ಕಾಯಿ ಹೆಚ್ಚೇ ತರಲು ಹೇಳಿದ್ದೇನೆ. ನಾಲ್ಕು ವರ್ಷದಿಂದ ನಮ್ಮ ಶಾಲೆಯಿಂದ ಒಬ್ಬರೂ ಹೋಗಿಲ್ಲ. ಸ್ಟಾಫ್ ರೂಮಿನಲ್ಲಿ ಕುರ್ಚಿ ಸಾಲದೆ ನಾನು ಕಿಟಕಿಯ ಕಟ್ಟೆಯ ಮೇಲೆ ಕುಳಿತು ಪರೀಕ್ಷೆಯ ಪೇಪರು ತಿದ್ದುತ್ತಿದ್ದೇನೆ. ಮಂಡಳಿಯವರು ಈ ಸಲ ಕಟ್ಟುನಿಟ್ಟಾಗಿ ಹೇಳಿಕಳಿಸಿದ್ದಾರೆ: ಒಬ್ಬರು ಹೋಗಲೇಬೇಕು, ಯಾರೆಂದು ನೀವೇ ನೋಡಿಕೊಳ್ಳಿ. ಹೆಡ್‌ಮಾಸ್ತರು ನನ್ನನ್ನು ಕರೆದು ಅಷ್ಟನ್ನೂ ತಿಳಿಸಿ, ಈಗಿನಿಂದಲೇ ಕೊರಳಿಗೆ ಮಫ್ಲರು ಸುತ್ತಿಕೊಂಡಿದ್ದಾರೆ.

ವಾರದಿಂದ ಒಬ್ಬೊಬ್ಬರ ಮುಖವನ್ನೂ ನೆನೆದು ನೋಡಿದೆ. ಯಾರದನ್ನು ನೋಡಿಯೂ ನನ್ನಿಂದ ಹೇಳಲಾಗುವುದಿಲ್ಲ. ವೇದಿಕೆಯ ಮೇಲೆ ನಿಂತವನಿಗೆ ಕಾಣದೇ ಇರುವ ಮುಖ ಇಡೀ ಪೆಂಡಾಲಿನಲ್ಲಿ ಒಂದೇ ಒಂದು. ಅದಕ್ಕೇ ನಿನ್ನೆಯಿಂದ ಬಚ್ಚಲಮನೆಯಲ್ಲಿ ಬಾಗಿಲು ಹಾಕಿಕೊಂಡು ನನ್ನನ್ನು ನಾನು ನಲವತ್ತು ಮಾತು ಹೊಗಳುವುದನ್ನು ರೂಢಿ ಮಾಡುತ್ತಿದ್ದೇನೆ. ಕಷ್ಟವಾದೀತೆಂದುಕೊಂಡಿದ್ದೆ. ಏನು ಹೇಳಲಿ, ಎರಡು ಹಂಡೆ ನೀರು ತಣ್ಣಗಾದರೂ ಮಾತು ಮುಗಿಯುತ್ತಿಲ್ಲ. ಹೊರಗೆ ಸ್ನಾನಕ್ಕೆ ನಿಂತ ಮಾಸ್ತರುಗಳು ಬಾಗಿಲು ಬಡಿಯುತ್ತಿದ್ದಾರೆ.